ಹಳಿ ಏರಿಸುವ ಮುನ್ನ

ಹೊಸ ಮನೆಯ ಬಾಗಿಲು ಎರಡನೇ ಮಳೆಗಾಲಕ್ಕೇ ಮೂಲೆಯಲ್ಲಿ ಬಾಯಿ ಬಿಟ್ಟಿತೆಂದರೆ ಮನೆಯವರು ಕಟ್ಟಿಗೆಯನ್ನು ಬೈಯುತ್ತಾರೆ, ಕಟ್ಟಿಗೆ ಅಡ್ಡೆಯವರು ಬಡಿಗನನ್ನು ಬೈಯುತ್ತಾರೆ, ಬಡಿಗ ಅಂಟನ್ನು ಬೈಯುತ್ತಾನೆ. ಮೂರು ದೂರಿನಲ್ಲೂ ಅಷ್ಟಿಷ್ಟು ನಿಜ ಇರಬಹುದು. ಆದರೆ ಬಹಳ ಸಲ ಆ ಬಿರುಕು ಹುಟ್ಟಿದ್ದು ಅಂಟು ಬಳಿದ ಮೇಲಿನ ಹತ್ತು ನಿಮಿಷದ ಗಡಿಬಿಡಿಯಲ್ಲಿ. ನಾಲ್ಕೂ ಮೂಲೆಗೆ ಅಂಟು ಹಚ್ಚಿ ಆಗಿದೆ. ಮೂರು ಕೂಸು, ಅಂದರೆ ತೂತಿಗೆ ಕೂರುವಂತೆ ಕೊರೆದ ಪಟ್ಟಿಯ ತುದಿ, ತಮ್ಮ ತೂತಿನೊಳಗೆ ಇಳಿದವು, ನಾಲ್ಕನೆಯದು ಅರ್ಧಕ್ಕೆ ನಿಂತಿತು. ಸುತ್ತಿಗೆ ಎಲ್ಲಿ, ಕ್ಲಾಂಪ್ ಎಲ್ಲಿ ಎಂಬ ಕೂಗಾಟ. ಸಿಕ್ಕ ಕ್ಲಾಂಪ್ ಗಿಡ್ಡ. ಅಷ್ಟರಲ್ಲಿ ಅಂಟಿನ ಮೇಲೆ ಕೆನೆ ಕಟ್ಟಿತು. ಹೊಡೆದೂ ಹೊಡೆದೂ ಕೂಸು ಒಳಗೆ ಹೋಗುವ ಹೊತ್ತಿಗೆ ಚೌಕಟ್ಟು ಒಂದು ಕಡೆ ವಾಲಿತ್ತು. ಸಂದಿಗೆ ಕಟ್ಟಿಗೆಯ ಪುಡಿ ತುಂಬಿ, ಮೇಲೆ ಪಾಲಿಶ್ ಬಳಿದು ಕಳಿಸಿದ್ದಾಯಿತು.

ಅಂಟಿಸುವ ಹೊತ್ತಿನಲ್ಲಿ ಕೆಲವರ ಕೈ ನಡುಗುವುದಿಲ್ಲ. ಅದು ಅವರ ಸ್ವಭಾವ ಎಂದು ನಾವು ತಿಳಿಯುತ್ತೇವೆ. ನನಗೆ ಹಾಗೆ ಅನ್ನಿಸುವುದಿಲ್ಲ. ಆ ಸಮಾಧಾನವನ್ನು ಅವರು ಹಿಂದಿನ ದಿನವೇ ಮಾಡಿಟ್ಟುಕೊಂಡಿರುತ್ತಾರೆ. ಇದನ್ನು ನಮ್ಮ ಭಾಗದಲ್ಲಿ ಯಾರಾದರೂ ಕಣ್ಣಾರೆ ಕಲಿಯಬೇಕೆಂದರೆ ಅಂಟಿನ ಡಬ್ಬಿಯ ಬಳಿ ನಿಲ್ಲುವುದಕ್ಕಿಂತ ಚಕ್ಕಡಿ ಗಾಲಿಗೆ ಕಬ್ಬಿಣದ ಹಳಿ ಏರಿಸುವಲ್ಲಿ ಹೋಗಿ ನಿಲ್ಲುವುದು ಒಳ್ಳೆಯದು. ಅಲ್ಲಿ ಒಂದು ಹನಿ ಅಂಟೂ ಇರುವುದಿಲ್ಲ.

ನಮ್ಮ ಭಾಗ ಎಂದರೆ ಜಮಖಂಡಿ ತಾಲ್ಲೂಕಿನ ಕಡೆ. ತುಬಚಿ ಅಲ್ಲಿನ ಕೃಷ್ಣಾ ದಂಡೆಯ ಊರು. ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಯಿಂದಾಗಿ ಈಗ ಈ ಹೆಸರು ದೂರದವರಿಗೂ ಗೊತ್ತು. ನೀರು ಬಂದಲ್ಲಿ ಕಬ್ಬು ಬಂತು, ಕಬ್ಬಿನ ಹಿಂದೆ ಟ್ರ್ಯಾಕ್ಟರ್ ಬಂತು, ಎತ್ತಿನ ಬಂಡಿಗೂ ರಬ್ಬರ್ ಗಾಲಿ ಬಂತು. ಅದಕ್ಕೂ ಮುಂಚೆ ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ಊರೂರಲ್ಲಿ ಒಬ್ಬ ಬಡಿಗೇರ, ಒಬ್ಬ ಕಂಬಾರ ಇರುತ್ತಿದ್ದರು. ರೈತ ಸುಗ್ಗಿಯಲ್ಲಿ ಅವರಿಗೆ ಕಾಳಿನ ರೂಪದಲ್ಲಿ ಆಯ ಕೊಡುತ್ತಿದ್ದ. ವರ್ಷವಿಡೀ ರಂಟಿ, ಕುಂಟಿ, ಕೂರಿಗಿ, ಚಕ್ಕಡಿ ಸರಿಯಾಗಿಡುವ ಹೊಣೆ ಅವರದು. ರೋಹಿಣಿ ಮಳೆ ಬೀಳುವ ಹೊತ್ತಿಗೆ ಕೂರಿಗಿಯ ತಾಳು ಅಲುಗಾಡಿದರೆ ಬಿತ್ತನೆಯ ಸಾಲೇ ಸೊಟ್ಟ. ಕೆಲಸ ಕೆಟ್ಟದ್ದು ಊರಿಗೆಲ್ಲ ಹೊಲದಲ್ಲೇ ಕಾಣುತ್ತಿತ್ತು. ಅಂಥ ಕಡೆ ಸಂದಿಗೆ ಪುಡಿ ತುಂಬಿ ಮುಚ್ಚಲಾಗುವುದಿಲ್ಲ.

ಗಾಲಿಯ ಕೆಲಸ ಎಲ್ಲಕ್ಕಿಂತ ಕಠಿಣ. ನಡುವೆ ಗುಂಬ, ಅದರ ಸುತ್ತ ಅರಗಳು, ಅರಗಳ ತುದಿಗೆ ಬಾಗಿದ ಕಟ್ಟಿಗೆಯ ತುಂಡುಗಳು. ಕಟ್ಟಿಗೆ ಹೆಚ್ಚಾಗಿ ಕರಿಜಾಲಿ. ಕಪ್ಪು ಮಣ್ಣಿನ ಹೊಲದ ಬದುವಿನಲ್ಲೇ ಬೆಳೆಯುವ ಮರ, ಗಟ್ಟಿ, ಭಾರ, ಪೆಟ್ಟು ತಡೆಯುತ್ತದೆ. ಕಡಿದ ಕೂಡಲೇ ಅದನ್ನು ಬಳಸುವಂತಿಲ್ಲ. ಹಸಿ ಇರುವಾಗ ಕೀಲು ಎಷ್ಟು ಬಿಗಿಯಾಗಿ ಕೂತರೂ ಒಣಗಿದ ಮೇಲೆ ಸಡಿಲ. ಗುಂಬದಲ್ಲಿ ತೂತು ಕೊರೆದು ಅರ ಬಡಿದು ಕೂಡಿಸುತ್ತಾರೆ, ಅರದ ಇನ್ನೊಂದು ತುದಿಯ ಕೂಸಿಗೆ ಸುತ್ತಿನ ತುಂಡುಗಳನ್ನು ಏರಿಸುತ್ತಾರೆ. ಎಲ್ಲ ಕೂಡಿಸಿದ ಮೇಲೆ ಸುತ್ತಿನ ಒಂದು ತುಂಡಿಗೂ ಮತ್ತೊಂದಕ್ಕೂ ನಡುವೆ ಕೂದಲೆಳೆಯಷ್ಟು ಸಂದಿ ಉಳಿಯಬೇಕು. ನೋಡದವರಿಗೆ ಇದು ತಪ್ಪಿನಂತೆ ಕಾಣುತ್ತದೆ. ಬಡಿಗೇರ ಅದನ್ನು ಬೇಕೆಂದೇ ಬಿಟ್ಟಿರುತ್ತಾನೆ.

ಇನ್ನು ಕಂಬಾರನ ಪಾಳಿ. ಗಾಲಿಯ ಸುತ್ತಳತೆ ಹಿಡಿದು, ಅದಕ್ಕಿಂತ ತುಸು ಗಿಡ್ಡವಾಗುವಂತೆ ಕಬ್ಬಿಣದ ಪಟ್ಟಿ ಬಾಗಿಸಿ ಬೆಸೆಯುತ್ತಾನೆ. ಅದೇ ಹಳಿ. ತಣ್ಣಗಿರುವಾಗ ಅದು ಗಾಲಿಯ ಮೇಲೆ ಏರುವುದೇ ಇಲ್ಲ. ಬಯಲಲ್ಲಿ ಹಳಿ ಮಲಗಿಸಿ, ಕುಳ್ಳು ಸುತ್ತುವರಿಸಿ ಬೆಂಕಿ ಹಚ್ಚುತ್ತಾರೆ. ಐದಡಿ ಎತ್ತರದ ಗಾಲಿಯ ಸುತ್ತಳತೆ ಹದಿನೈದೂವರೆ ಅಡಿಗಿಂತ ಹೆಚ್ಚು. ಅಷ್ಟು ಉದ್ದದ ಕಬ್ಬಿಣ ಐನೂರು ಡಿಗ್ರಿಯಷ್ಟು ಬಿಸಿಯೇರಿದರೆ ಒಂದಿಂಚಿಗಿಂತ ತುಸು ಹೆಚ್ಚೇ ಉದ್ದವಾಗುತ್ತದೆ. ಕಂಬಾರನ ಲೆಕ್ಕವೆಲ್ಲ ಆ ಒಂದಿಂಚಿನೊಳಗೆ.

ಬೆಂಕಿ ಉರಿಯುವಷ್ಟು ಹೊತ್ತು ಉಳಿದವರು ಸುಮ್ಮನೆ ಕೂತಿರುವುದಿಲ್ಲ. ಗಾಲಿಯನ್ನು ಮಟ್ಟಸವಾಗಿ ಮಲಗಿಸಿ, ಗುಂಬ ಕೂರಲು ನೆಲದಲ್ಲಿ ತಗ್ಗು ತೋಡಿರುತ್ತಾರೆ. ನೀರಿನ ಕೊಡಗಳು ಸುತ್ತಲೂ ತುಂಬಿ ನಿಂತಿವೆ. ಇಕ್ಕಳ ಹಿಡಿಯುವವರು ಯಾರು, ಸುತ್ತಿಗೆ ಯಾರ ಕೈಯಲ್ಲಿ, ನೀರು ಹೊಯ್ಯುವವರು ಯಾವ ಮಗ್ಗುಲು ಎಂಬುದು ಮೊದಲೇ ತೀರ್ಮಾನ. ಗಾಲಿಯಿಂದ ಬೆಂಕಿಗೆ ಹೋಗುವ ದಾರಿಯಲ್ಲಿ ಒಂದು ಕಲ್ಲೂ ಇರಬಾರದು, ಒಂದು ಮಗುವೂ ಇರಬಾರದು. ಹಳಿ ಕೆಂಡದ ಬಣ್ಣಕ್ಕೆ ತಿರುಗಿದಾಗ ಎತ್ತಿ ತಂದು ಗಾಲಿಯ ಮೇಲಿಡುತ್ತಾರೆ. ಮುಟ್ಟಿದ ಕೂಡಲೇ ಕಟ್ಟಿಗೆ ಹೊಗೆಯಾಡುತ್ತದೆ, ಅಲ್ಲಲ್ಲಿ ಜ್ವಾಲೆಯೂ ಏಳುತ್ತದೆ. ಸುತ್ತಲೂ ನಾಲ್ಕಾರು ಪೆಟ್ಟು ಹಾಕಿ ಮಟ್ಟಕ್ಕಿಳಿಸಿ ನೀರು ಹೊಯ್ಯುತ್ತಾರೆ. ಆಗ ಒಳಗಿಂದ ಚಟಚಟ ಸದ್ದು ಬರುತ್ತದೆ. ಕುಗ್ಗುವ ಕಬ್ಬಿಣ ಆ ಕೂದಲೆಳೆ ಸಂದಿಗಳನ್ನೆಲ್ಲ ಮುಚ್ಚುತ್ತ ಪ್ರತಿ ಅರವನ್ನೂ ಗುಂಬದೊಳಗೆ ಒತ್ತುವ ಸದ್ದದು. ಸಂದಿ ಬಿಡದೆ ಮೊದಲೇ ಸುತ್ತು ಕೂಡಿಕೊಂಡಿದ್ದರೆ ಹಳಿಯ ಬಲವೆಲ್ಲ ಸುತ್ತಿನಲ್ಲೇ ನಿಂತು ಅರಗಳು ಸಡಿಲವೇ ಉಳಿಯುತ್ತಿದ್ದವು. ಸಂದಿ ಹೆಚ್ಚಾಗಿದ್ದರೆ ಗಾಲಿ ಬಟ್ಟಲಿನಂತೆ ಡೊಂಕಾಗುತ್ತಿತ್ತು.

ಇಷ್ಟೆಲ್ಲ ನಡೆಯುವುದು ಎರಡು ಮೂರು ನಿಮಿಷದಲ್ಲಿ. ತಿದ್ದಲು ಅವಕಾಶವಿಲ್ಲ. ಆದರೂ ಅಲ್ಲಿ ಗದ್ದಲವಿರುವುದಿಲ್ಲ. ಕಂಬಾರ ಒಂದೆರಡು ಮಾತು ಆಡುತ್ತಾನೆ, ಅಷ್ಟೆ. ಬಡಿಗತನದ ಅಂಗಡಿಯಲ್ಲಿ ಅಂಟು ಹಚ್ಚುವಾಗಿನ ಅವಸರಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಇಂಥ ಗಾಲಿಯ ಚಕ್ಕಡಿ ಕಟ್ಟಿಕೊಂಡು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಈಗಲೂ ಹೋಗುವ ಮನೆತನಗಳಿವೆ. ಹೊರಡುವ ಮುನ್ನ ಅವರು ಗಾಲಿ ಬಡಿದು ಸದ್ದು ಕೇಳುತ್ತಾರೆ. ಕೀಲು ಬಿಗಿ ಇದ್ದರೆ ಸದ್ದು ಖಣಖಣ, ಸಡಿಲವಿದ್ದರೆ ಮಂದ.

ಅಂಟಿಲ್ಲದೆ ನಿಲ್ಲುವ ಕೀಲಿಗೆ ರಬಕವಿ-ಬನಹಟ್ಟಿಯ ಕೈಮಗ್ಗದ ಚೌಕಟ್ಟನ್ನೂ ನೋಡಬೇಕು. ಲಾಳಿ ಓಡಿದಂತೆಲ್ಲ, ಹಣಿಗೆ ಬಡಿದಂತೆಲ್ಲ ಮಗ್ಗ ಅದುರುತ್ತದೆ. ದಿನವಿಡೀ ಅದುರುವ ಕಟ್ಟಿಗೆಗೆ ಗಡಸು ಅಂಟು ಹಿಡಿದು ನಿಲ್ಲುವುದು ಕಷ್ಟ. ಅದಕ್ಕೇ ಅಲ್ಲಿ ಕೂಸು ತೂತಿನಿಂದ ಆಚೆ ಹೊರಬಂದು, ಅದರಲ್ಲಿ ಅಡ್ಡ ಬೆಣೆ ಕೂತಿರುತ್ತದೆ. ಸಡಿಲಾಯಿತೆನ್ನಿಸಿದಾಗ ನೇಕಾರ ಬೆಣೆಗೆ ಒಂದು ಪೆಟ್ಟು ಕೊಟ್ಟರೆ ಮುಗಿಯಿತು. ಮನೆ ಬದಲಿಸುವಾಗ ಬೆಣೆ ಕಿತ್ತರೆ ಇಡೀ ಮಗ್ಗ ಬಿಚ್ಚಿಕೊಂಡು ಎತ್ತಿನ ಗಾಡಿ ಏರುತ್ತದೆ.

ಅಂಟು ನಮ್ಮ ಕಸುಬುಗಳಿಗೆ ಹೊಸದೇನಲ್ಲ. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಗೊಂಬೆ ಮಾಡುವವರು ಹುಣಸೆ ಬೀಜದ ಅಂಟಿನಿಂದಲೇ ಕೈಕಾಲು ಜೋಡಿಸುತ್ತಾರೆ. ಬಡಿಗರು ಚರ್ಮ, ಎಲುಬು ಕುದಿಸಿ ಮಾಡಿದ ಸರೇಸನ್ನು ಒಲೆಯ ಮೇಲೆ ಕರಗಿಸಿ ಬಿಸಿಬಿಸಿಯಾಗಿ ಹಚ್ಚುತ್ತಿದ್ದರು. ಅದರ ನಾತ ಸಹಿಸಲಾಗದು, ತಣ್ಣಗಾದರೆ ಹಿಡಿಯದು. ಗುಜರಾತಿನ ಬಲವಂತ ಪಾರೇಖ್ ಕಾನೂನು ಓದಿದ್ದರೂ ಮುಂಬಯಿಯ ಕಟ್ಟಿಗೆ ವ್ಯಾಪಾರಿಯ ಕಚೇರಿಯಲ್ಲಿ ಜವಾನರಾಗಿ ದುಡಿದವರು. 1959ರಲ್ಲಿ ಅವರ ಕಂಪನಿ ಫೆವಿಕಾಲ್ ಎಂಬ ಬಿಳಿ ಅಂಟು ತಂದಿತು. ಬೆಂಕಿ ಬೇಡ, ನಾತವಿಲ್ಲ, ಡಬ್ಬಿ ತೆರೆದು ಹಚ್ಚಿದರಾಯಿತು. ಬಡಿಗರ ದುಡಿಮೆ ಎಷ್ಟೋ ಹಗುರಾಯಿತು. ಅದು ದೊಡ್ಡ ಉಪಕಾರವೇ. ಆದರೆ ಬಿಳಿ ಅಂಟು ಬಂದ ಮೇಲೆ ಕೀಲಿನ ಕೊರತೆಯನ್ನು ಡಬ್ಬಿ ತುಂಬಿಕೊಡುತ್ತದೆ ಎಂಬ ನಂಬಿಕೆಯೂ ಬೆಳೆಯಿತು. ಆ ನಂಬಿಕೆ ಸುಳ್ಳು. ಈ ಅಂಟು ಬಿಗಿಯಾಗಿ ಕೂಡಿದ ಎರಡು ಮುಖಗಳ ನಡುವೆ ತೆಳ್ಳನೆಯ ಪೊರೆಯಾಗಿದ್ದಾಗ ಮಾತ್ರ ಬಲವಾದದ್ದು. ದಪ್ಪಗೆ ತುಂಬಿದಲ್ಲಿ ಅದರ ನೀರು ಆರಿ, ಕುಗ್ಗಿ, ಒಳಗೇ ಟೊಳ್ಳು ಬೀಳುತ್ತದೆ. ಕಟ್ಟಿಗೆಯ ಕೊಯ್ದ ತುದಿಗೆ ಹಚ್ಚಿದರೆ ನಳಿಕೆಗಳು ಅಂಟನ್ನೆಲ್ಲ ಹೀರಿಬಿಡುತ್ತವೆ. ಹಾಗಾಗಿ ಬರೀ ತುದಿಗೆ ತುದಿ ಅಂಟಿಸಿದ ಮೂಲೆ ನಿಲ್ಲುವುದಿಲ್ಲ.

ಹಾಗಾದರೆ ಶುದ್ಧವಾದ ಕೀಲು ಎಲ್ಲಿಂದ ಬರುತ್ತದೆ? ಗರಗಸಕ್ಕಿಂತ ಮೊದಲು ಗುರುತಿನಿಂದ. ಪ್ರತಿ ಕಟ್ಟಿಗೆಗೂ ಒಂದು ಮುಖ, ಒಂದು ಅಂಚು ರಂಧಾ ಹೊಡೆದು ಸಪಾಟು ಮಾಡಿ, ಲಂಬಕೋನ ತೋರುವ ಗುಣ್ಯಾ ಹಿಡಿದು ನೋಡಿ, ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಬೇಕು. ಆಮೇಲಿನ ಎಲ್ಲ ಅಳತೆಯೂ ಆ ಎರಡು ಬದಿಯಿಂದಲೇ. ಒಂದನ್ನು ಈ ಕಡೆಯಿಂದ, ಇನ್ನೊಂದನ್ನು ಆ ಕಡೆಯಿಂದ ಅಳೆದರೆ ದಪ್ಪದಲ್ಲಿರುವ ಸಣ್ಣ ವ್ಯತ್ಯಾಸವೆಲ್ಲ ಕೀಲಿಗೆ ಬಂದು ಸೇರುತ್ತದೆ. ಕೂಸಿನ ಬುಡದಲ್ಲಿ ಕಟ್ಟಿಗೆ ಅಗಲವಾಗುವ ಹೆಗಲ ಗೆರೆಯನ್ನು ಪೆನ್ಸಿಲಿಗಿಂತ ಚೂಪಾದ ಚಾಕುವಿನಿಂದ ಹಾಕುವುದು ಮೇಲು. ಪೆನ್ಸಿಲಿನ ಗೆರೆಗೆ ದಪ್ಪವಿದೆ, ಗರಗಸ ಅದರ ಯಾವ ಬದಿಗೆ ಓಡಬೇಕೆಂದು ಕೈಗೆ ತಿಳಿಯುವುದಿಲ್ಲ. ಚಾಕು ನಾರನ್ನೇ ಕತ್ತರಿಸಿರುತ್ತದೆ. ಆ ಗೀರಿನಲ್ಲಿ ಉಳಿಯ ಬಾಯಿ ತಾನೇ ಹೋಗಿ ಕೂರುತ್ತದೆ, ಹೆಗಲಿನ ಅಂಚು ಸಿಬಿರು ಏಳದೆ ನಯವಾಗಿ ಬರುತ್ತದೆ. ಗರಗಸ ಯಾವಾಗಲೂ ಬಿಸಾಡುವ ಕಟ್ಟಿಗೆಯ ಕಡೆಗೇ ಓಡಬೇಕು.

ಆರಪಾರ ಹೋಗುವ ತೂತನ್ನು ಎರಡೂ ಬದಿಯಿಂದ ನಡುವಿನವರೆಗೆ ಕೊರೆಯಬೇಕು. ಒಂದೇ ಬದಿಯಿಂದ ಕೊರೆದು ಆಚೆ ಹೊರಡಿಸಿದರೆ ಹಿಂಬದಿಯ ನಾರು ಕಿತ್ತು ಬರುತ್ತದೆ. ಕೂಸಿನ ದಪ್ಪ ಕಟ್ಟಿಗೆಯ ಮೂರರಲ್ಲೊಂದು ಪಾಲು ಎಂಬುದು ಹಳೆಯ ಲೆಕ್ಕ, ಈಗಲೂ ಸರಿ. ಬಿಗಿ ಎಷ್ಟಿರಬೇಕು? ಕೂಸು ತನ್ನ ಭಾರಕ್ಕೇ ಜಾರಿ ಬಿದ್ದರೆ ಸಡಿಲ. ಕಬ್ಬಿಣದ ಸುತ್ತಿಗೆ ಬೇಕಾದರೆ ಅತಿ ಬಿಗಿ, ಅದು ಒಳಗೆ ಹೋಗುವಾಗ ಅಂಟನ್ನೆಲ್ಲ ಕೆರೆದು ಹಾಕುತ್ತದೆ, ಕೊನೆಗೆ ತೂತಿನ ಗೋಡೆಯನ್ನೇ ಸೀಳುತ್ತದೆ. ಕೈಯಿಂದ ಒತ್ತಿದಾಗ ಅರ್ಧಕ್ಕೆ ಹೋಗಿ, ಉಳಿದರ್ಧಕ್ಕೆ ಕೊಡತಿಯ ಮೂರ್ನಾಲ್ಕು ಹಗುರ ಪೆಟ್ಟು ಬೇಡಬೇಕು. ಉಳಿ ಹರಿತವಿರದಿದ್ದರೆ ಇದೊಂದೂ ಸಾಧ್ಯವಿಲ್ಲ. ಸಾಣೆ ಹಿಡಿಯುವ ಹೊತ್ತನ್ನು ಕೆಲಸಕ್ಕೆ ಸೇರದ ಹೊತ್ತು ಎಂದು ಲೆಕ್ಕ ಹಾಕುವ ಅಂಗಡಿಗಳಿವೆ. ಅಲ್ಲಿ ಕೀಲು ಎಂದೂ ಶುದ್ಧವಾಗುವುದಿಲ್ಲ.

ಮುಂದಿನದು ಅಂಟಿಲ್ಲದೆ ಕೂಡಿಸಿ ನೋಡುವುದು. ಇಲ್ಲಿ ಹೆಚ್ಚಿನವರು ಅರ್ಧಕ್ಕೇ ನಿಲ್ಲುತ್ತಾರೆ. ಕೂಸು ತೂತಿಗೆ ಹೋಯಿತು ಎಂದರೆ ಸಾಕು ಎಂದು ಬಿಚ್ಚಿಬಿಡುತ್ತಾರೆ. ಹಾಗಲ್ಲ. ಅಂಟು ಹಚ್ಚಿದಾಗ ಏನೇನು ಮಾಡಬೇಕೋ ಅದನ್ನೆಲ್ಲ ಮಾಡಿ ನೋಡಬೇಕು. ಇಡೀ ಚೌಕಟ್ಟು ಕೂಡಿಸಿ, ಕ್ಲಾಂಪ್ ನಿಜವಾಗಿ ಬಿಗಿದು, ಒತ್ತಡ ಬಿದ್ದ ಮೇಲೆ ಹೆಗಲು ಎಲ್ಲೆಡೆ ಕೂಡಿತೇ ಎಂದು ಬೆಳಕಿಗೆ ಹಿಡಿದು ನೋಡಿ, ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಬೇಕು. ಎರಡೂ ಸಮವಿದ್ದರೆ ಚೌಕಟ್ಟು ಗುಣ್ಯಾದಲ್ಲಿದೆ. ಉದ್ದವಿರುವ ಕರ್ಣದ ಕಡೆಗೆ ಕ್ಲಾಂಪನ್ನು ತುಸು ಓರೆ ಮಾಡಿದರೆ ಸರಿಹೋಗುತ್ತದೆ. ಎಷ್ಟು ಓರೆ ಎಂಬುದು ಈಗಲೇ ತಿಳಿಯುತ್ತದೆ. ಆಮೇಲೆ ಬಿಚ್ಚುವಾಗ ಕೀಲಿಗೆ ಒಂದು, ಎರಡು ಎಂದು ನಂಬರ್ ಹಾಕಿ, ತುಂಡುಗಳನ್ನು ಕೂಡಿಸುವ ಕ್ರಮದಲ್ಲೇ ಹಾಸಿಡಬೇಕು. ಕ್ಲಾಂಪ್‌ಗಳನ್ನು ಬೇಕಾದಷ್ಟೇ ತೆರೆದು ಪಕ್ಕಕ್ಕೆ. ಕ್ಲಾಂಪಿನ ಬಾಯಿಗೆ ಕೊಡುವ ಹಲಗೆಚೂರು, ಅದು ಅಂಟಿಕೊಳ್ಳದಂತೆ ಪ್ಲಾಸ್ಟಿಕ್ ಹಾಳೆ, ಕುಂಚ, ಒದ್ದೆ ಬಟ್ಟೆ, ಅಳತೆಪಟ್ಟಿ, ಕೊಡತಿ ಎಲ್ಲ ಕೈಗೆಟುಕುವಲ್ಲಿ. ನೀರಿನ ಕೊಡ ತುಂಬಿಸಿಡದೆ ಹಳಿಗೆ ಬೆಂಕಿ ಇಡುವ ಕಂಬಾರ ಎಲ್ಲೂ ಇಲ್ಲ.

ಒಂದೇ ಉಸಿರಿಗೆ ಎಲ್ಲ ಕೀಲು ಅಂಟಿಸುವ ಹಟವೂ ಬೇಡ. ಕುರ್ಚಿಗೆ ಮುಂದಿನ ಎರಡು ಕಾಲು ಮತ್ತು ನಡುವಿನ ಪಟ್ಟಿ ಇಂದು, ಹಿಂದಿನವು ನಾಳೆ, ಎರಡನ್ನೂ ಕೂಡಿಸುವುದು ನಾಡಿದ್ದು. ಎಂಟು ಕೀಲಿನ ಗಾಬರಿ ಎರಡು, ಎರಡು, ನಾಲ್ಕು ಕೀಲಿನ ಸುಲಭದ ಕೆಲಸವಾಗುತ್ತದೆ. ಅಂಟನ್ನು ತೂತಿನ ಗೋಡೆಗಳಿಗೆ ಸರಿಯಾಗಿ, ಕೂಸಿಗೆ ತೆಳ್ಳಗೆ ಹಚ್ಚಿದರೆ ಸಾಕು. ಆರಪಾರ ಹೋಗದ ತೂತಿನ ತಳದಲ್ಲಿ ಅಂಟು ಮಡುಗಟ್ಟಿದರೆ ಅದು ಹೋಗಲು ದಾರಿಯಿಲ್ಲದೆ ಕೂಸನ್ನೇ ಹಿಂದಕ್ಕೆ ತಳ್ಳುತ್ತದೆ. ಬಡಿಗ ಕೂಸು ಉದ್ದವಾಯಿತೆಂದು ತಿಳಿದು ಇನ್ನೂ ಜೋರಾಗಿ ಹೊಡೆಯುತ್ತಾನೆ. ಬಿಗಿಯುವುದಕ್ಕೂ ಮಿತಿ ಇದೆ. ಸಂದಿಯುದ್ದಕ್ಕೂ ಅಂಟು ಸಣ್ಣ ಸಣ್ಣ ಮಣಿಗಳಂತೆ ಹೊರಬಂದರೆ ಒತ್ತಡ ಸಾಕು. ಅಲ್ಲಿಂದಾಚೆ ಬಿಗಿದರೆ ಸೊಟ್ಟಾಗುವುದು ಕಟ್ಟಿಗೆ.

ನಮ್ಮ ಸೀಮೆಯ ಹವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಈ ಮಾತು ಪೂರ್ತಿಯಾಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ಮುಟ್ಟಿ ದಾಟುತ್ತದೆ, ಗಾಳಿಯಲ್ಲಿ ಪಸೆ ಇರುವುದಿಲ್ಲ. ತಂಪು ಹೊತ್ತಿನಲ್ಲಿ ಹತ್ತು ನಿಮಿಷ ಕಾಯುವ ಅಂಟು ಮಧ್ಯಾಹ್ನ ತಗಡಿನ ಸೂರಿನಡಿ ಅದರ ಅರ್ಧವೂ ಕಾಯುವುದಿಲ್ಲ. ಅಂಟಿಸುವ ಕೆಲಸವನ್ನು ನಸುಕಿಗೆ ಇಟ್ಟುಕೊಳ್ಳುವುದೇ ಜಾಣತನ. ಮಧ್ಯಾಹ್ನಕ್ಕೆ ಗುರುತು ಹಾಕುವುದು, ಸಾಣೆ ಹಿಡಿಯುವುದು ಬೇಕಾದಷ್ಟಿದೆ. ಸಾಗವಾನಿಗೆ ಇನ್ನೊಂದು ಗುಣ, ಅದರಲ್ಲಿ ಎಣ್ಣೆಯಂಥ ಅಂಶವಿದೆ, ಸಮಯ ಕಳೆದಂತೆ ಮೈಮೇಲೆ ಬರುತ್ತದೆ. ಹಾಗಾಗಿ ರಂಧಾ ಹೊಡೆದ ದಿನವೇ ಅಂಟಿಸುವುದು ಒಳ್ಳೆಯದು.

ಮಳೆಗಾಲ ಬಂದೊಡನೆ ಅದೇ ಕಟ್ಟಿಗೆ ಪಸೆ ಹೀರಿ ಉಬ್ಬುತ್ತದೆ. ಉದ್ದಕ್ಕೆ ಹೆಚ್ಚೇನೂ ಇಲ್ಲ, ಅಗಲಕ್ಕೆ ಮಾತ್ರ. ಒಂದಡಿ ಅಗಲದ ಸಾಗವಾನಿ ಹಲಗೆ ಬೇಸಿಗೆಗೂ ಮಳೆಗಾಲಕ್ಕೂ ನಡುವೆ ಎರಡು ಮೂರು ಮಿಲಿಮೀಟರ್ ಹಿಗ್ಗಿ ಕುಗ್ಗಬಹುದು. ಹಳೆಯ ವಾಡೆಗಳ ಬಾಗಿಲಿನಲ್ಲಿ ನಡುವಿನ ಹಲಗೆ ಚೌಕಟ್ಟಿನ ಒಳ ಅಂಚಿಗೆ ಕೊರೆದ ತೋಡಿನಲ್ಲಿ ಬಿಡುವಾಗಿ ಕೂತಿರುವುದು ಇದಕ್ಕೇ. ಅದನ್ನು ಅಂಟಿಸಬಾರದು. ಅಂಟಿಸಿದರೆ ಹಲಗೆ ಸೀಳುತ್ತದೆ, ಇಲ್ಲವೇ ಚೌಕಟ್ಟಿನ ಮೂಲೆ ಬಾಯಿ ಬಿಡುತ್ತದೆ. ಎಲ್ಲಿ ಅಂಟು ಹಚ್ಚಬಾರದು ಎಂದು ಗೊತ್ತಿರುವ ಬಡಿಗನ ಬಾಗಿಲು ಬಹುಕಾಲ ಬಾಳುತ್ತದೆ.

ನದಿ ದಂಡೆಯವರಿಗೆ ಇನ್ನೂ ಒಂದು ಮಾತು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಜಮಖಂಡಿ ತಾಲ್ಲೂಕಿನ ದಂಡೆಯ ಊರುಗಳ ಮನೆಗಳಿಗೆ ನೀರು ಹೊಕ್ಕಿತು. ಅಂಥ ನೀರಿನಲ್ಲಿ ದಿನಗಟ್ಟಲೆ ನಿಂತರೆ ಸಾಧಾರಣ ಬಿಳಿ ಅಂಟು ಮೆತ್ತಗಾಗುತ್ತದೆ, ಅಗ್ಗದ ಪ್ಲೈವುಡ್ ಪದರ ಪದರವಾಗಿ ಬಿಚ್ಚುತ್ತದೆ. ನೀರು ತಡೆಯುವ ಅಂಟು, ನೀರು ತಡೆಯುವ ಪ್ಲೈವುಡ್ ಬೇರೆಯೇ ಸಿಗುತ್ತವೆ, ಬೆಲೆ ತುಸು ಹೆಚ್ಚು. ಅದರ ಜೊತೆಗೆ ಮೂಲೆಯ ಕೂಸಿಗೆ ಅಡ್ಡಲಾಗಿ ಒಂದು ಕಟ್ಟಿಗೆಯ ಮೊಳೆ ಬಡಿಸಿಕೊಳ್ಳಿ. ಕೂಸಿನ ತೂತನ್ನು ಹೆಗಲಿನ ಕಡೆಗೆ ಒಂದು ನೂಲು ಸರಿಸಿ ಕೊರೆದರೆ ಮೊಳೆ ಹೋದಂತೆಲ್ಲ ಕೀಲನ್ನು ಒಳಗೆಳೆಯುತ್ತದೆ. ಅಂಟು ಕೈಕೊಟ್ಟರೂ ಮೂಲೆ ಹಿಡಿದಿರುತ್ತದೆ. ಗಾಲಿ, ಕೂರಿಗಿ ಮಾಡುತ್ತಿದ್ದ ಕೈಗಳಿಗೆ ಇದು ನಿತ್ಯದ ಕೆಲಸವಾಗಿತ್ತು. ಇಂದು ಐಟಿಐಯಲ್ಲಿ ಬಡಿಗತನ ಕಲಿಯುವ ಹುಡುಗರಿಗೆ ಊರಿನ ಹಿರಿಯ ಬಡಿಗೇರರಿಂದ ಒಂದು ಅರ ಕೂಡಿಸುವುದನ್ನಾದರೂ ಕಲಿಸಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ. ಆ ಹಿರಿಯರು ಇನ್ನೂ ಇದ್ದಾರೆ, ಆದರೆ ಅವರನ್ನು ಕೇಳಲು ಹೋಗುವವರು ಕಡಿಮೆ.

ಅಂಟಿಸಿ ಆದ ಮೇಲೂ ಅವಸರಕ್ಕೆ ಒಂದು ಜಾಗ ಉಳಿದಿರುತ್ತದೆ. ಹೊರಬಂದ ಅಂಟನ್ನು ಹಸಿ ಇರುವಾಗ ಒದ್ದೆ ಬಟ್ಟೆಯಿಂದ ಉಜ್ಜಿದರೆ ಅದು ನೀರಾಗಿ ಕಟ್ಟಿಗೆಯ ನಾರಿಗೆ ಇಳಿಯುತ್ತದೆ, ಪಾಲಿಶ್ ಹಚ್ಚಿದಾಗ ಬಿಳಿ ಕಲೆಯಾಗಿ ಏಳುತ್ತದೆ. ಅರ್ಧ ಗಂಟೆ ಬಿಟ್ಟು, ರಬ್ಬರಿನಂತಾದಾಗ ಉಳಿಯಿಂದ ಎಬ್ಬಿಸಿದರೆ ಸಿಪ್ಪೆಯಂತೆ ಬರುತ್ತದೆ. ಒದ್ದೆ ಬಟ್ಟೆ ಕೈಗೆ, ಕ್ಲಾಂಪಿಗೆ ಇರಲಿ. ಹಲಗೆಗಳನ್ನು ಅಂಚಿಗಂಚು ಜೋಡಿಸಿದ್ದರೆ ಅಂಟಿನ ನೀರು ಕುಡಿದು ಸಂದಿಯ ಅಕ್ಕಪಕ್ಕದ ಕಟ್ಟಿಗೆ ಉಬ್ಬಿರುತ್ತದೆ. ಮರುದಿನವೇ ರಂಧಾ ಹೊಡೆದು ಸಪಾಟು ಮಾಡಿದರೆ, ಆ ನೀರು ಆರಿದ ಮೇಲೆ ಸಂದಿಯುದ್ದಕ್ಕೂ ಸಣ್ಣ ತಗ್ಗು ಬೀಳುತ್ತದೆ, ಓರೆ ಬೆಳಕಿನಲ್ಲಿ ಎದ್ದು ಕಾಣುತ್ತದೆ. ನಾಲ್ಕು ದಿನ ಎರಡೂ ಮುಖಕ್ಕೆ ಗಾಳಿ ಆಡುವಂತೆ ನೆರಳಿನಲ್ಲಿ ನಿಲ್ಲಿಸಿಡಿ. ಮನೆ ಒಕ್ಕಲಿನ ದಿನ ಹತ್ತಿರ ಬಂತೆಂದು ಯಜಮಾನರು ಫೋನ್ ಮಾಡಿದರೆ, ಬಾಗಿಲು ಆರುತ್ತಿದೆ, ರಂಧಾ ಹೊಡೆಯುವುದು ಸೋಮವಾರ ಎಂದು ಹೇಳಿ.